ಅಪರೂಪದ ರೋಗಗಳೂ ಚಿತ್ರದ ಸಾಕ್ಷ್ಯವೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯಿಂದ ಮೂರ್ಛೆರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತಂದ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಸ್ಕ್ಯಾನಿನಲ್ಲಿ ಏನು ಬಂತು?” ಎಂಬುದು. ವಿದ್ಯಾವಂತರ ಪ್ರಶ್ನೆಯೂ ಬಹುಮಟ್ಟಿಗೆ ಅದೇ. ಯಂತ್ರ ಕಂಡದ್ದೇ ರೋಗ, ಕಾಣದ್ದು ರೋಗವಲ್ಲ ಎಂಬ ಭಾವನೆ ಇದರ ಹಿಂದಿದೆ. ಅಪರೂಪದ ರೋಗಗಳ ವಿಷಯದಲ್ಲಿ ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಚಿತ್ರದ ಸ್ವರೂಪವನ್ನು ತಿಳಿಯಬೇಕು. ಹೌನ್ಸ್‌ಫೀಲ್ಡನು ರೂಪಿಸಿದ ಸಿ. ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಪರೀಕ್ಷಿಸಿತು. ಅನೇಕ ಕೋನಗಳಿಂದ ಹಾಯಿಸಿದ ಕ್ಷಕಿರಣಗಳು ಎಷ್ಟೆಷ್ಟು ಹೀರಲ್ಪಟ್ಟವೆಂಬುದನ್ನು ಗಣಕವು ಲೆಕ್ಕ ಹಾಕಿ ಚಿತ್ರವಾಗಿ ಒಡ್ಡುತ್ತದೆ. ಎಂ. ಆರ್. ಯಂತ್ರವಾದರೋ ಬಲವಾದ ಕಾಂತಕ್ಷೇತ್ರದಲ್ಲಿ ಜಲಜನಕದ ಪರಮಾಣುಬೀಜಗಳು ಹೊರಡಿಸುವ ಸಂಕೇತಗಳಿಂದ ಚಿತ್ರವನ್ನು ಕಟ್ಟುತ್ತದೆ. ಎರಡೂ ಗಣಿತದ ಕೃತಿಗಳೇ ಹೊರತು ನೇರ ಛಾಯಾಚಿತ್ರಗಳಲ್ಲ. ಕೃತಿಯೆಂದ ಮೇಲೆ ವ್ಯಾಖ್ಯಾನ ಬೇಕು. ವ್ಯಾಖ್ಯಾನವೆಂದ ಮೇಲೆ ಅಪವ್ಯಾಖ್ಯಾನಕ್ಕೂ ಎಡೆಯುಂಟು.

ಇದಕ್ಕೆ ನಮ್ಮ ದೇಶದಲ್ಲಿಯೇ ಸ್ಪಷ್ಟವಾದ ನಿದರ್ಶನವಿದೆ. 1980ರ ದಶಕದಲ್ಲಿ ಮೂರ್ಛೆ ಬಂದ ಅನೇಕರ ಸಿ. ಟಿ. ಚಿತ್ರಗಳಲ್ಲಿ ಉಂಗುರದಂಥ ಒಂದೇ ಒಂದು ಚಿಕ್ಕ ಕಲೆ ಕಾಣಿಸುತ್ತಿತ್ತು. ಅದನ್ನು ಕ್ಷಯದ ಗಂಟೆಂದು ಓದಿ, ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುವುದು ರೂಢಿಯಾಯಿತು. ಕಲೆ ಮಾಯವಾಗುತ್ತಿತ್ತು, ಕೀರ್ತಿ ಔಷಧಕ್ಕೆ ಸಲ್ಲುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಚಾಂಡಿ, ರಾಜಶೇಖರ್ ಮೊದಲಾದವರು ಅಂಥ ಕಲೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಪರೀಕ್ಷಿಸಿದಾಗ, ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಮರಿಯಿಂದಾದವೆಂದು ತಿಳಿದುಬಂತು. ಇದು 1989ರಲ್ಲಿ ಪ್ರಕಟವಾಯಿತು. ಮರಿಹುಳು ಸತ್ತು ಕರಗಿದಾಗ ಕಲೆ ತಾನಾಗಿಯೇ ಅಳಿಯುತ್ತದೆ. ಲಾಡಿಹುಳುವಿನ ಮೊಟ್ಟೆ ಕಲುಷಿತವಾದ ನೀರು, ತರಕಾರಿಗಳ ಮೂಲಕ ಒಳಹೋಗುವುದರಿಂದ, ಹಂದಿಮಾಂಸವನ್ನು ಮುಟ್ಟದವರಿಗೂ ಈ ರೋಗ ತಗಲುತ್ತದೆ. ಚಿತ್ರ ಅದೇ, ಬದಲಾದದ್ದು ಓದು. ಆ ಓದನ್ನು ತಿದ್ದಿದ್ದು ಸೂಕ್ಷ್ಮದರ್ಶಕ. ಇಲ್ಲಿ ವಿರಳವಾಗಿದ್ದುದು ರೋಗವಲ್ಲ, ಅದರ ಗುರುತು.

ಎರಡನೆಯ ನಿದರ್ಶನ ಇದಕ್ಕೆ ವಿರುದ್ಧವಾದದ್ದು. ಬಿಸಿನೀರಿನ ಮೂರ್ಛೆ ಪ್ರಪಂಚದ ಇತರ ಭಾಗಗಳಲ್ಲಿ ಅಪೂರ್ವವೆನಿಸಿದರೂ ದಕ್ಷಿಣ ಕರ್ನಾಟಕದಲ್ಲಿ ಪರಿಚಿತವಾದದ್ದು. ಹಂಡೆಯ ಬಿಸಿನೀರನ್ನು ಚೊಂಬುಚೊಂಬಾಗಿ ತಲೆಯ ಮೇಲೆ ಸುರಿದುಕೊಳ್ಳುವಾಗ ಮೂರ್ಛೆ ಬರುವುದೇ ಇದರ ಲಕ್ಷಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತೀಶ್ಚಂದ್ರ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಇಂಥ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಬಹುಮಂದಿಯ ಚಿತ್ರಗಳಲ್ಲಿ ದೋಷವೇನೂ ತೋರುವುದಿಲ್ಲ. “ತಲೆಗೆ ನೀರು ಹಾಕಿಕೊಂಡಾಗಲೇ ಬರುತ್ತದೆಯೆ?” ಎಂಬ ಒಂದು ಪ್ರಶ್ನೆ ಇಲ್ಲಿ ಯಂತ್ರಕ್ಕಿಂತ ಹೆಚ್ಚು ಬೆಳಕು ನೀಡುತ್ತದೆ. ನೀರಿನ ಬಿಸಿಯನ್ನು ತಗ್ಗಿಸುವುದರಿಂದಲೇ ಅನೇಕರಿಗೆ ಗುಣ ಕಂಡುಬರುತ್ತದೆ. ಆ ಪ್ರಶ್ನೆಯನ್ನು ಕೇಳದೆ ಹೋದರೆ, “ಸ್ಕ್ಯಾನಿನಲ್ಲಿ ಏನೂ ಇಲ್ಲ” ಎಂಬ ಮಾತು ಹೊತ್ತು ಊರಿಗೆ ಮರಳಿದ ಹುಡುಗನು ಮುಂದಿನ ವಾರ ಅದೇ ಬಚ್ಚಲಿನಲ್ಲಿ ಬೀಳುತ್ತಾನೆ.

ಬೆಂಗಳೂರಿನ ನಗರ ಹಾಗೂ ಗ್ರಾಮಪ್ರದೇಶಗಳಲ್ಲಿ ಲಕ್ಷಕ್ಕೂ ಮಿಕ್ಕ ಜನರನ್ನು ಕುರಿತು ಗೌರಿದೇವಿ ಮತ್ತು ಸಂಗಡಿಗರು ನಡೆಸಿ, 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇಲ್ಲಿ ಸ್ಮರಣೀಯ. ಮೂರ್ಛೆರೋಗವು ಸಾವಿರಕ್ಕೆ ನಗರದಲ್ಲಿ 5.7, ಗ್ರಾಮಗಳಲ್ಲಿ 11.9 ಎಂದು ಕಂಡುಬಂತು. ಹಳ್ಳಿಯ ಹೊರೆ ಇಮ್ಮಡಿಯೆಂಬ ಈ ಸತ್ಯವನ್ನು ಹೊರಗೆಡಹಿದ ಕಾರ್ಯದ ಮೊದಲ ಹೆಜ್ಜೆ ಚಿತ್ರವಲ್ಲ. ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆ.

ಯಂತ್ರಗಳು ಸೂಕ್ಷ್ಮವಾದಂತೆ ಈ ಕೊರತೆ ನೀಗುವುದೆಂದು ಕೆಲವರು ವಾದಿಸಬಹುದು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕೋಶದೊಳಗಿನ ಮರಿಹುಳುವಿನ ತಲೆಯನ್ನು ಎಂ. ಆರ್. ಚಿತ್ರವು ಎಷ್ಟೋ ವೇಳೆ ತೋರಿಸಿಕೊಡುತ್ತದೆ. ಹಾಗೆ ತೋರಿದಾಗ ಸಂಶಯವೇ ಉಳಿಯದು. ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಮಿದುಳಿನ ರಚನೆ ಕೆಡದೆ ಅದರ ವ್ಯಾಪಾರ ಮಾತ್ರ ಕೆಟ್ಟಲ್ಲಿ, ರಚನೆಯ ಚಿತ್ರ ಎಷ್ಟು ಸ್ಫುಟವಾದರೂ ಸಾಕ್ಷ್ಯ ನುಡಿಯಲಾರದು. ಆಗ ಉಳಿಯುವ ಸಾಕ್ಷ್ಯ ರೋಗಿಯ ಮಾತು, ಅದು ಕನ್ನಡದಲ್ಲಿದೆ. ಅದನ್ನು ಕೇಳಿ ಅರಿಯುವ ಶಿಕ್ಷಣವನ್ನು ಚಿತ್ರ ಓದುವ ಶಿಕ್ಷಣದ ಜೊತೆಗೇ ನಮ್ಮ ವಿದ್ಯಾರ್ಥಿಗಳಿಗೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.