ಓಟ್ ಬ್ಯಾಂಕ್ ಅಂತಾರಲ್ಲ, ಪಾಸ್‌ಬುಕ್ ಎಲ್ಲಿದೆ?

ಹೈದರಾಬಾದಿನಲ್ಲಿ ಚುನಾವಣೆ ಬಂತೆಂದರೆ ಟಿವಿ ಚರ್ಚೆಗಳಲ್ಲಿ ಒಂದೇ ಮಾತು: ‘ಮುಸ್ಲಿಂ ಓಟ್ ಬ್ಯಾಂಕ್ ಬೆಳೀತಾ ಇದೆ’. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಕೇಳಿಕೊಂಡು ಬಂದು, “ಟೀಚರ್, ನಾವು ಬ್ಯಾಂಕಾ?” ಅಂದಳು. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ನಿಮ್ಮೆದುರು ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಪದವನ್ನೇ ನೋಡಿ. ‘ಓಟ್ ಬ್ಯಾಂಕ್’ ಎಂಬುದನ್ನು ಚಲಾವಣೆಗೆ ತಂದವರು ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1955ರಲ್ಲಿ ಪ್ರಕಟವಾದ ಅವರ ಪ್ರಬಂಧ ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ. ಅಲ್ಲಿ ಬ್ಯಾಂಕ್ ಅಂದರೆ ಊರಿನ ದೊಡ್ಡ ಕುಳದ ಹಿಡಿತ: ಅವನನ್ನು ನಂಬಿ ಬದುಕುವವರ ಓಟು ಅವನ ಕೈಯಲ್ಲಿ. ಹಳ್ಳಿಯ ಯಜಮಾನಿಕೆಗೆ ಇಟ್ಟ ಹೆಸರು ಇವತ್ತು ಒಂದು ಸಮುದಾಯದ ಹಣೆಗೆ ಅಂಟಿದೆ. ಯಜಮಾನ ಮಾತ್ರ ಮಾಯ!

ಇನ್ನು ‘ಬೆಳವಣಿಗೆ’. ಹೈದರಾಬಾದ್ ಮಹಾನಗರ ಪಾಲಿಕೆಯ 150 ವಾರ್ಡುಗಳಲ್ಲಿ 2016ರಲ್ಲಿ ಮಜ್ಲಿಸ್ ಗೆದ್ದದ್ದು 44. 2020ರಲ್ಲೂ 44. ಅದೇ ಅವಧಿಯಲ್ಲಿ ಬಿಜೆಪಿ 4ರಿಂದ 48ಕ್ಕೆ ಏರಿತು; ಆ ಪ್ರಚಾರದಲ್ಲಿ ಊರಿನ ಹೆಸರನ್ನೇ ಭಾಗ್ಯನಗರ ಮಾಡುವ ಮಾತೂ ಬಂತು. ವಿಧಾನಸಭೆಯಲ್ಲಿ 2014, 2018, 2023, ಮೂರು ಸಲವೂ ಮಜ್ಲಿಸಿಗೆ 7 ಸ್ಥಾನ. ಹಾಗಾದರೆ ಬೆಳೆದದ್ದು ಯಾವುದು? ನಮ್ಮ ಪ್ರಭಾವವೋ, ಅದರ ಭಯವೋ?

ಓಲೈಕೆಯ ಲೆಕ್ಕವನ್ನೂ ನೋಡೋಣ. 2023ರ ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಸುಮಾರು ಎರಡು ವರ್ಷ ಸಂಪುಟದಲ್ಲಿ ಒಬ್ಬ ಮುಸ್ಲಿಂ ಮಂತ್ರಿಯೂ ಇರಲಿಲ್ಲ. ಜುಬಿಲಿ ಹಿಲ್ಸ್ ಉಪಚುನಾವಣೆ ಎದುರಿಗಿದ್ದಾಗ, 2025ರ ಅಕ್ಟೋಬರ್ 31ರಂದು, ಅಜರುದ್ದೀನ್ ಮಂತ್ರಿಯಾದರು. ಬಿಜೆಪಿ ‘ತುಷ್ಟೀಕರಣ’ ಎಂದಿತು. ನನ್ನ ತಕರಾರು ಬೇರೆ: ಹಕ್ಕಿನಿಂದ ಬರಬೇಕಾದದ್ದು ಓಟಿನ ಹೊತ್ತಿಗೆ ಈದಿ ಕೊಟ್ಟಂತೆ ಬಂತಲ್ಲ? ಹೆದರಿಸುವವರೂ ಕೊಡುವವರೂ ನಮ್ಮನ್ನು ಗಂಟಾಗಿಯೇ ಎಣಿಸುತ್ತಾರೆ.

ಆದರೆ ತಪ್ಪೆಲ್ಲ ಅವರದ್ದೇ ಅನ್ನಬೇಡಿ. ಹೈದರಾಬಾದ್ ಲೋಕಸಭಾ ಕ್ಷೇತ್ರ 1984ರಿಂದ ಒಂದೇ ಮನೆಯವರ ಕೈಯಲ್ಲಿದೆ. 2024ರಲ್ಲಿ ಅಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಗೆದ್ದವರ ಜೊತೆ ಸೆಲ್ಫಿ ತೆಗೆದುಕೊಳ್ಳುವ ನಾವು, ಚರಂಡಿ, ಶಾಲೆ, ಆಸ್ಪತ್ರೆಯ ಲೆಕ್ಕ ಕೇಳಿದ್ದೀವಾ?

ಅಮೆರಿಕದ ಲ್ಯಾಟಿನೋ ಮತದಾರರನ್ನೂ ಹೀಗೆ ಒಂದೇ ಗಂಟಾಗಿ ಎಣಿಸುತ್ತಿದ್ದರು. 2024ರಲ್ಲಿ ಅವರಲ್ಲಿ ದೊಡ್ಡ ಪಾಲು ಟ್ರಂಪ್ ಕಡೆ ವಾಲಿದಾಗ ಪಂಡಿತರೆಲ್ಲ ಕಕ್ಕಾಬಿಕ್ಕಿ. ಅದು ಸರಿಯೋ ತಪ್ಪೋ, ಆಯ್ಕೆ ಅವರದ್ದು.

ಯಾಕುತ್‌ಪುರದ ನಮ್ಮ ಖಾಲಾಗೆ ಈ ‘ಬ್ಯಾಂಕ್’ ವಿಷಯ ಹೇಳಿದೆ. ಪಾನ್ ಮಡಚುತ್ತಲೇ ಕೇಳಿದರು: “ಬ್ಯಾಂಕ್ ಬೋಲ್ತೇ ನಾ? ಫಿರ್ ಹಮಾರಾ ಪಾಸ್‌ಬುಕ್ ಕಾಂ ಹೈ?”

ಆ ಹುಡುಗಿಗೆ ಈಗ ಹೇಳಬಲ್ಲೆ: ಇಲ್ಲಮ್ಮ, ನೀನು ಬ್ಯಾಂಕ್ ಅಲ್ಲ. ನಾಲ್ಕೈದು ವರ್ಷದಲ್ಲಿ ನಿನಗೂ ಒಂದು ಓಟು ಬರುತ್ತದೆ. ಅದನ್ನು ನೀನೇ ಹಾಕು. ಹಾಕಿದ ಮೇಲೆ ಲೆಕ್ಕ ಕೇಳು.