ಬೊಬ್ಬೆ ಯಾರಿಗೆ ಮುಟ್ಟಿತು?

2024ನೆಯ ಇಸವಿ ಏಪ್ರಿಲ್ 1ರ ಸಂಜೆ. ವಾಂಖೆಡೆ ಕ್ರೀಡಾಂಗಣದಲ್ಲಿ ರಾಜಸ್ಥಾನ ರಾಯಲ್ಸ್ ವಿರುದ್ಧದ ಪಂದ್ಯಕ್ಕಾಗಿ ಮುಂಬಯಿ ಇಂಡಿಯನ್ಸ್ ತಂಡದ ಹೊಸ ನಾಯಕ ಹಾರ್ದಿಕ್ ಪಾಂಡ್ಯ ಟಾಸಿಗೆಂದು ಮೈದಾನಕ್ಕೆ ಇಳಿದರು. ತಂಡದ ನೀಲಿ ಅಂಗಿಯನ್ನೇ ತೊಟ್ಟು ಬಂದ ಪ್ರೇಕ್ಷಕರು, ತಮ್ಮದೇ ನೆಲದಲ್ಲಿ, ತಮ್ಮದೇ ನಾಯಕನಿಗೆ ಬೊಬ್ಬೆ ಹೊಡೆದರು. ನಿರೂಪಕರಾಗಿ ನಿಂತಿದ್ದ ಸಂಜಯ್ ಮಾಂಜ್ರೇಕರ್ ಇದೇ ಊರಿನ ಹಿರಿಯ ಆಟಗಾರರು. ಸರಿಯಾಗಿ ನಡೆದುಕೊಳ್ಳಿರೆಂದು ಅವರು ಜನರಿಗೆ ಬುದ್ಧಿ ಹೇಳಬೇಕಾಯಿತು. ಆದರೂ ಬೊಬ್ಬೆ ನಿಲ್ಲಲಿಲ್ಲ. ಆಟ ಸಾಗಿದ್ದಾಗ, ಯಾರ ಪರವಾಗಿ ಜನ ಇಷ್ಟು ಕೂಗುತ್ತಿದ್ದರೋ ಆ ರೋಹಿತ್ ಶರ್ಮಾ ಅವರೇ ಗಡಿಗೆರೆಯ ಬಳಿಯಿಂದ ಸಾಕು ಸಾಕು ಎಂದು ಕೈಸನ್ನೆ ಮಾಡಿದರು.

ಆ ಸಂಜೆ ನಾವಿದ್ದುದು ಡೊಂಬಿವಲಿಯ ಬಂಧುಗಳ ಮನೆಯಲ್ಲಿ. ಟಿ.ವಿ.ಯ ಮುಂದೆ ಕೂತಿದ್ದ ಹತ್ತು ಮಂದಿ ಕ್ಷಣಾರ್ಧದಲ್ಲಿ ಎರಡು ಪಂಗಡವಾದರು. ಮನೆಯ ಹಿರಿಯರು ಹೇಳಿದರು: “ನಮ್ಮ ಅಂಗಿ ತೊಟ್ಟವನಿಗೆ ನಾವೇ ಬೊಬ್ಬೆ ಹೊಡೆದರೆ ಎದುರಾಳಿಗೆ ಇನ್ನೇನು ಕೆಲಸ ಉಳಿಯಿತು?” ಕಾಲೇಜಿಗೆ ಹೋಗುವ ಮೊಮ್ಮಗ ಸುಮ್ಮನಿರಲಿಲ್ಲ. “ಅಜ್ಜ, ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ ಕೊಳ್ಳುವವ ನಾನು. ನಾಯಕನನ್ನು ಬದಲಾಯಿಸುವಾಗ ನನ್ನನ್ನು ಯಾರಾದರೂ ಕೇಳಿದರೇ? ಬೊಬ್ಬೆ ಹೊಡೆಯದೆ ನಾನು ಇನ್ನೇನು ಮಾಡಬೇಕು, ಹೇಳಿ?” ಎಂದ. ಅಜ್ಜನವರು ಉತ್ತರ ಹೇಳಲಿಲ್ಲ. ನಮ್ಮ ಬಳಿಯೂ ಆಗ ಉತ್ತರವಿರಲಿಲ್ಲ. ಈ ಲೇಖನ ಆ ಹುಡುಗನ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಕ್ರಿಕೆಟ್ಟಿನ ಗೊಡವೆಗೆ ಹೋಗದ ವಾಚಕರಿಗಾಗಿ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದು ಲೇಸು. ರೋಹಿತ್ ಶರ್ಮಾ ನಾಯಕರಾಗಿದ್ದಾಗ ಮುಂಬಯಿ ಇಂಡಿಯನ್ಸ್ 2013, 2015, 2017, 2019 ಮತ್ತು 2020ರಲ್ಲಿ, ಅಂದರೆ ಐದು ಬಾರಿ, ಐ.ಪಿ.ಎಲ್. ಪ್ರಶಸ್ತಿಯನ್ನು ಗೆದ್ದಿತು. ಹಾರ್ದಿಕ್ ಕೂಡ 2015ರಿಂದ 2021ರವರೆಗೆ ಇದೇ ತಂಡದಲ್ಲಿ ಆಡಿದವರು. ಆಮೇಲೆ ಗುಜರಾತ್ ಟೈಟನ್ಸ್ ತಂಡಕ್ಕೆ ನಾಯಕರಾಗಿ ಹೋಗಿ 2022ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು, 2023ರಲ್ಲಿ ಅಂತಿಮ ಪಂದ್ಯದವರೆಗೆ ತಂಡವನ್ನು ಒಯ್ದರು. 2023ರ ನವೆಂಬರಿನಲ್ಲಿ ಮುಂಬಯಿಯ ಒಡೆಯರು ಅವರನ್ನು ಮರಳಿ ಕರೆತಂದರು. ಡಿಸೆಂಬರ್ 15ರಂದು ನಾಯಕಪಟ್ಟವನ್ನೂ ಕಟ್ಟಿದರು. ರೋಹಿತ್ ಇಳಿದದ್ದೂ ಹಾರ್ದಿಕ್ ಏರಿದ್ದೂ ಒಂದೇ ಪ್ರಕಟಣೆಯಲ್ಲಿ ಮುಗಿದುಹೋಯಿತು.

ಮೊದಲು ಬೊಬ್ಬೆ ಹೊಡೆದವರ ಪಕ್ಷವನ್ನು ನ್ಯಾಯವಾಗಿ ನೋಡೋಣ. ರೋಹಿತ್ ಈ ಊರಿನ ಹುಡುಗ. ತಂದೆ ತಾಯಿ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿದ್ದರು. ಹುಡುಗ ಬೋರಿವಲಿಯಲ್ಲಿ ಅಜ್ಜ, ಚಿಕ್ಕಪ್ಪಂದಿರ ಬಳಿ ಬೆಳೆದ. ತಾಯಿಯ ಊರು ವಿಶಾಖಪಟ್ಟಣ, ಮನೆಮಾತು ತೆಲುಗು. ಹೊರಗಿನಿಂದ ಬಂದು, ಲೋಕಲ್ ಗಾಡಿಯಲ್ಲಿ ನೇತಾಡಿ, ಒಂದು ಕೋಣೆಯಿಂದ ಎರಡು ಕೋಣೆಗೆ ಏರಿದ ನಮ್ಮಂಥ ಸಂಸಾರಗಳಿಗೆ ಈ ಕಥೆ ನಮ್ಮದೇ ಕಥೆಯೆಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತು ವರ್ಷ ದುಡಿದ ಹಿರಿಯನನ್ನು ಒಂದು ಕಾಗದದಲ್ಲಿ ಬದಿಗೆ ಸರಿಸುವುದನ್ನು ಗಿರಣಿಗಳಲ್ಲೂ ಕಚೇರಿಗಳಲ್ಲೂ ನಮ್ಮವರು ಕಣ್ಣಾರೆ ಕಂಡಿದ್ದಾರೆ. ಆದ್ದರಿಂದ ಆ ಸಿಟ್ಟು ಕೇವಲ ಪುಂಡರ ಸಿಟ್ಟು ಎಂದು ತಳ್ಳಿಹಾಕುವುದು ಸರಿಯಲ್ಲ. ಸರಿಯಾಗಿ ನಡೆದುಕೊಳ್ಳಿ ಎಂದು ಮೈಕಿನಲ್ಲಿ ಹೇಳುವುದು ಸುಲಭ; ಆ ಜನರ ದೂರನ್ನು ಕೇಳಿಸಿಕೊಳ್ಳಲು ಒಂದು ಬಾಗಿಲಾದರೂ ತೆರೆದಿತ್ತೇ ಎಂದು ಯಾರೂ ಕೇಳಲಿಲ್ಲ.

ಆದರೆ ಅದೇ ನ್ಯಾಯ ಇನ್ನೊಂದು ಪಕ್ಕಕ್ಕೂ ಸಲ್ಲಬೇಕು. ಹಾರ್ದಿಕ್ ನಾಯಕತ್ವದಲ್ಲಿ ತಪ್ಪುಗಳಿದ್ದವು. ಮಾರ್ಚ್ 24ರಂದು ಅಹಮದಾಬಾದಿನಲ್ಲಿ ಜಸ್ಪ್ರೀತ್ ಬುಮ್ರಾರಂಥ ಬೌಲರು ತಂಡದಲ್ಲಿರುವಾಗ ಮೊದಲ ಓವರನ್ನು ತಾವೇ ಎಸೆದರು, ಬ್ಯಾಟಿಂಗಿಗೆ 7ನೆಯವರಾಗಿ ಬಂದರು. ತಂಡ 6 ರನ್ನುಗಳಿಂದ ಸೋತಿತು. ಮೂರು ದಿನಗಳ ಮೇಲೆ ಹೈದರಾಬಾದು ತಂಡ ನಮ್ಮವರ ಮೇಲೆ 277 ರನ್ನು ಪೇರಿಸಿತು. ಇವನ್ನು ಎತ್ತಿ ಆಡಿದರೆ ಅದು ವಿಮರ್ಶೆ. ಆದರೆ ಬೊಬ್ಬೆ ಈ ತಪ್ಪುಗಳನ್ನು ಕಾದು ಕೂತಿರಲಿಲ್ಲ. ಅಹಮದಾಬಾದಿನಲ್ಲಿ ಒಂದು ಚೆಂಡೂ ಬೀಳುವ ಮೊದಲೇ ಅದು ಶುರುವಾಗಿತ್ತು. ಇನ್ನೊಂದು ಲೆಕ್ಕವನ್ನೂ ನೋಡಿ. 2024ರಲ್ಲಿ ತಂಡ 14 ಪಂದ್ಯಗಳಲ್ಲಿ 4 ಗೆದ್ದು ಹತ್ತನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. 2022ರಲ್ಲಿ, ರೋಹಿತ್ ನಾಯಕರಾಗಿದ್ದಾಗಲೂ, ಅದೇ 14ರಲ್ಲಿ 4, ಅದೇ ಹತ್ತನೆಯ ಸ್ಥಾನ. ಆಗ ವಾಂಖೆಡೆಯಲ್ಲಿ ನಾಯಕನಿಗೆ ಇಂಥ ಬೊಬ್ಬೆ ಬಿದ್ದದ್ದು ನಮಗೆ ನೆನಪಿಲ್ಲ. ಅಂದಮೇಲೆ ಜನರ ಸಿಟ್ಟು ಸೋಲಿನ ಮೇಲೆ ಇರಲಿಲ್ಲ, ನೇಮಕದ ಮೇಲೆ ಇತ್ತು. ನೇಮಕ ಮಾಡಿದವರು ಟಾಸಿನ ಸ್ಥಳದಲ್ಲಿ ನಿಂತಿರಲಿಲ್ಲ.

ನಮ್ಮ ಯಕ್ಷಗಾನವನ್ನೇ ತೆಗೆದುಕೊಳ್ಳೋಣ. ಯಾವ ವೇಷ ಯಾರಿಗೆ ಎಂಬುದು ಚೌಕಿಯಲ್ಲಿ ನಿಶ್ಚಯವಾಗುತ್ತದೆ. ಬಹುಕಾಲ ಕರ್ಣನ ಪಾತ್ರ ಮಾಡಿ ಜನರ ಮನಸ್ಸು ಗೆದ್ದ ಹಿರಿಯ ವೇಷಧಾರಿಯನ್ನು ಬಿಟ್ಟು ಯಜಮಾನರು ಇನ್ನೊಬ್ಬನಿಗೆ ಆ ಕಿರೀಟ ಇಟ್ಟರೆನ್ನಿ. ಡೇರೆಯೊಳಗೆ ಟಿಕೆಟ್ ಕೊಟ್ಟು ಕೂತವರಿಗೆ ಸಿಟ್ಟು ಬರುವುದು ಸಹಜ. ಆದರೆ ಅವರ ಕಣ್ಣಿಗೆ ಕಾಣುವವನು ರಂಗಸ್ಥಳದಲ್ಲಿ ನಿಂತವನೊಬ್ಬನೇ. ಬೈಗುಳ ಅವನಿಗೆ ಬೀಳುತ್ತದೆ. ಯಜಮಾನರು ಒಳಗೆ ಟಿಕೆಟ್ಟಿನ ದುಡ್ಡು ಎಣಿಸುತ್ತಿರುತ್ತಾರೆ. ಹೊಸಬ ಒಲ್ಲೆ ಎನ್ನಬಹುದಿತ್ತು ನಿಜ. ಆದರೆ ಕರೆದು ಕೊಟ್ಟ ಕಿರೀಟವನ್ನು ಬೇಡವೆನ್ನುವ ವೇಷಧಾರಿಯನ್ನು ನಾವಂತೂ ಕಂಡಿಲ್ಲ.

ವಾಂಖೆಡೆಗೆ ಜನರ ಕೋಪ ಹೊಸದಲ್ಲ. ಆ ಕ್ರೀಡಾಂಗಣ ಹುಟ್ಟಿದ್ದೇ ಒಂದು ಜಗಳದಿಂದ. ಬ್ರೆಬೋರ್ನ್ ಕ್ರೀಡಾಂಗಣದ ಒಡೆತನವಿದ್ದ ಕ್ಲಬ್ಬಿಗೂ ಮುಂಬಯಿ ಕ್ರಿಕೆಟ್ ಸಂಸ್ಥೆಗೂ ಆಸನಗಳ ಹಂಚಿಕೆಯ ಬಗ್ಗೆ ಒಮ್ಮತವಾಗದೆ, ಎಸ್. ಕೆ. ವಾಂಖೆಡೆಯವರ ಮುಂದಾಳುತನದಲ್ಲಿ ಕೂಗಳತೆಯ ದೂರದಲ್ಲೇ ಹೊಸದು ಎದ್ದಿತು. 1975ರ ಜನವರಿಯಲ್ಲಿ ಅಲ್ಲಿನ ಮೊದಲ ಟೆಸ್ಟಿನಲ್ಲೇ ಗಲಭೆಯಾಯಿತು. ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್ ದ್ವಿಶತಕ ಬಾರಿಸಿದಾಗ ಅಭಿನಂದಿಸಲು ಓಡಿಬಂದ ಅಭಿಮಾನಿಯೊಬ್ಬನನ್ನು ಪೊಲೀಸರು ಹೊಡೆದರು. ಅದನ್ನು ಕಂಡು ಜನ ಕೆರಳಿದರು, ಆಟ ನಿಂತಿತು. ಬೆಂಕಿ ಹಚ್ಚಿದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೂ ಅಂದಿನ ಸಿಟ್ಟಿಗೆ ವಿಳಾಸ ಗೊತ್ತಿತ್ತು: ಅದು ಹೊಡೆದವರ ಮೇಲಿನ ಸಿಟ್ಟು. 2006ರ ಮಾರ್ಚಿನಲ್ಲಿ ಇಂಗ್ಲೆಂಡಿನ ಮೇಲೆ 21 ಚೆಂಡು ಆಡಿ 1 ರನ್ನಿಗೆ ಔಟಾದ ಸಚಿನ್ ತೆಂಡೂಲ್ಕರರಿಗೂ ಇದೇ ಅಂಗಳದಲ್ಲಿ ಒಂದು ಗುಂಪು ಬೊಬ್ಬೆ ಹೊಡೆಯಿತು. 2013ರ ನವೆಂಬರಿನಲ್ಲಿ ಅವರ ಕೊನೆಯ ಟೆಸ್ಟಿನಂದು ಅದೇ ಅಂಗಳ ಕಣ್ಣೀರು ಸುರಿಸಿತು. ಅತ್ತವರಲ್ಲಿ ಎಷ್ಟು ಮಂದಿ ಹಿಂದೆ ಕೂಗಿದ್ದರೋ ಲೆಕ್ಕ ಇಟ್ಟವರಿಲ್ಲ.

ಹೊರದೇಶಗಳ ಫುಟ್ಬಾಲಿನಲ್ಲಿ ಈ ಜಗಳ ಹಳೆಯದು. ಅಲ್ಲಿ ಕೋಪಕ್ಕೆ ಗುರಿಯಾಗುವವನು ಮ್ಯಾನೇಜರು. ಪ್ರತಿಭಟಿಸಬೇಕೆನ್ನುವವರು, ತಂಡಕ್ಕೆ ಕೆಡುಕಾಗುತ್ತದೆ ಬೇಡವೆನ್ನುವವರು, ಹೀಗೆ ಅಭಿಮಾನಿಗಳು ಒಡೆಯುತ್ತಲೇ ಇರುತ್ತಾರೆ. 1989ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಮನೆಗೆ ಹೋಗಲೆಂದು ಒಬ್ಬ ಅಭಿಮಾನಿ ಬಟ್ಟೆಯ ಮೇಲೆ ಬರೆದು ಹಿಡಿದಿದ್ದ. ಮಂಡಲಿ ಅವರನ್ನು ಕಳಿಸಲಿಲ್ಲ. ಅವರು 2013ರವರೆಗೆ ಉಳಿದು 13 ಬಾರಿ ಲೀಗ್ ಪ್ರಶಸ್ತಿ ತಂದರು. ವ್ಯಕ್ತಿಯ ಮೇಲೆ ತೀರ್ಪು ಕೊಡಲು ಅವಸರಪಟ್ಟರೆ ನಾಲಗೆ ಕಚ್ಚಿಕೊಳ್ಳಬೇಕಾದೀತು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಇನ್ನೊಂದು ನಿದರ್ಶನ ಇನ್ನೂ ಬೆಲೆಯುಳ್ಳದ್ದು. 2016ರಲ್ಲಿ ಲಿವರ್‌ಪೂಲ್ ತಂಡದ ಒಡೆಯರು ಕೆಲವು ಟಿಕೆಟ್ಟುಗಳ ದರವನ್ನು 77 ಪೌಂಡಿಗೆ ಏರಿಸಲು ಹೊರಟರು. ಅಲ್ಲಿನ ಅಭಿಮಾನಿಗಳಿಗೆ ಸಂಘಗಳಿವೆ. ಸಂಘಗಳು ಕೂಡಿ ತೀರ್ಮಾನಿಸಿದವು. ಫೆಬ್ರವರಿ 6ರ ಪಂದ್ಯದಲ್ಲಿ 77ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು 10,000 ಮಂದಿ ಎದ್ದು ಹೊರಗೆ ನಡೆದರು. ಆಟಗಾರರಿಗಾಗಲಿ ಮ್ಯಾನೇಜರಿಗಾಗಲಿ ಅವರು ಬೈಗುಳ ತಂದಿರಲಿಲ್ಲ. 2-0 ಮುಂದಿದ್ದ ತಂಡ ಕೊನೆಗೆ 2-2ಕ್ಕೆ ತೃಪ್ತಿಪಟ್ಟುಕೊಂಡಿತು, ಅದು ಬೇರೆ ಮಾತು. ಕೆಲವೇ ದಿನಗಳಲ್ಲಿ ಒಡೆಯರು ಕ್ಷಮೆ ಕೇಳಿ ದರ ಏರಿಕೆಯನ್ನು ಕೈಬಿಟ್ಟರು. ಬೊಬ್ಬೆಗೆ ಕಿವುಡಾಗಿರುವ ಒಡೆಯರಿಗೂ ಖಾಲಿ ಕುರ್ಚಿ ಕಾಣುತ್ತದೆ.

ಇಂಥ ಪ್ರಯತ್ನ ಯಾವಾಗಲೂ ಗೆಲ್ಲುತ್ತದೆಂದು ನಾವು ಹೇಳುವುದಿಲ್ಲ. 2012ರ ಕೊನೆಯಲ್ಲಿ ಜರ್ಮನಿಯ ಅಭಿಮಾನಿಗಳು ಹೊಸ ಭದ್ರತಾ ನಿಯಮಗಳನ್ನು ವಿರೋಧಿಸಿ ಪ್ರತಿ ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ಮೌನವಾಗಿ ಕೂತರು. ಡಿಸೆಂಬರ್ 12ರಂದು ಕ್ಲಬ್ಬುಗಳು ಆ ನಿಯಮಗಳನ್ನು ಒಪ್ಪಿಯೇಬಿಟ್ಟವು. ಆದರೂ ಆ ಮೌನದಿಂದ ಯಾವ ಆಟಗಾರನ ಮನಸ್ಸಿಗೂ ಗಾಯವಾಗಲಿಲ್ಲ.

ನಮ್ಮ ಬೊಬ್ಬೆ ಸಾಧಿಸಿದ್ದೇನು? ಒಡೆಯರು 2025ರಲ್ಲೂ ಹಾರ್ದಿಕರನ್ನೇ ನಾಯಕರಾಗಿ ಇಟ್ಟುಕೊಂಡರು, ಬದಲಾದದ್ದು ತರಬೇತುದಾರರು. ಪೆಟ್ಟು ತಿಂದದ್ದು ಒಬ್ಬ ವ್ಯಕ್ತಿ ಮಾತ್ರ. ಏಪ್ರಿಲ್ 11ರಂದು ವಾಂಖೆಡೆಯಲ್ಲಿ ಬೆಂಗಳೂರು ತಂಡದ ಪರವಾಗಿ ಆಡುತ್ತಿದ್ದ ವಿರಾಟ್ ಕೊಹ್ಲಿ ಜನರತ್ತ ತಿರುಗಿ, ಬೇಡ, ಈತ ದೇಶಕ್ಕೂ ಆಡುವವನು ಎಂದು ಸನ್ನೆಯಿಂದ ತಿಳಿಸಿದರು. 2013ರಲ್ಲಿ ಇದೇ ಅಂಗಳದಲ್ಲಿ ಬೊಬ್ಬೆಯ ರುಚಿ ಕಂಡವರು ಅವರು. ನಮ್ಮ ಮನೆಗಳಲ್ಲಿ ಹೇಗೂ ಬೆಂಗಳೂರಿನವರೂ ಮುಂಬಯಿಯವರೂ ಒಂದೇ ತಟ್ಟೆಯ ಚಕ್ಕುಲಿ ತಿಂದು ಪಂದ್ಯ ನೋಡುತ್ತಾರೆ. ಅಂದು ಬುದ್ಧಿ ಹೇಳಿದ್ದು ಎದುರಾಳಿ ಎಂಬುದು ಎರಡು ಕಡೆಯವರಿಗೂ ನಾಟಿತು.

ಮುಂದಿನದು ಎಲ್ಲರಿಗೂ ತಿಳಿದದ್ದು. ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ದಕ್ಷಿಣ ಆಫ್ರಿಕಕ್ಕೆ ಕೊನೆಯ ಓವರಿನಲ್ಲಿ 16 ರನ್ನು ಬೇಕಿತ್ತು. ಚೆಂಡನ್ನು ಹಾರ್ದಿಕರ ಕೈಗೆ ಕೊಟ್ಟ ನಾಯಕ ರೋಹಿತ್. ಭಾರತ 7 ರನ್ನುಗಳಿಂದ ಗೆದ್ದಿತು. ಜುಲೈ 4ರಂದು ಮೆರೀನ್ ಡ್ರೈವಿನ ಮೆರವಣಿಗೆ ಮುಗಿಸಿ ತಂಡ ವಾಂಖೆಡೆಗೆ ಬಂದಾಗ ಜನ ಹಾರ್ದಿಕರ ಹೆಸರನ್ನೇ ಕೂಗಿ ಜಯಕಾರ ಹಾಕಿದರು. ಪಶ್ಚಾತ್ತಾಪವೆಂದು ಪತ್ರಿಕೆಗಳು ಹೊಗಳಿದವು. ನಮಗೆ ಮಾತ್ರ ಅಷ್ಟು ಸಮಾಧಾನವಾಗಲಿಲ್ಲ. ಬೊಬ್ಬೆಯಲ್ಲಿ ವಿಚಾರವಿಲ್ಲದಂತೆ ಆ ಜಯಕಾರದಲ್ಲೂ ವಿಚಾರವಿರಲಿಲ್ಲ. ಕೇಳದೆ ನಾಯಕನನ್ನು ಬದಲಾಯಿಸಿದರೆಂಬ ಮೂಲದ ದೂರು ಗದ್ದಲದಲ್ಲಿ ಎಲ್ಲೋ ಕಳೆದುಹೋಗಿತ್ತು.

ಆದ್ದರಿಂದ ಡೊಂಬಿವಲಿಯ ಹುಡುಗನಿಗೆ ನಮ್ಮ ಉತ್ತರ ಇದು. ನಿನ್ನ ದೂರು ಸರಿ, ಹೊಡೆತ ಬಿದ್ದ ಜಾಗ ತಪ್ಪು. ಒಬ್ಬನೇ ಕೂಗಿದರೆ ನೀನು ಗುಂಪಿನ ಒಂದು ಗಂಟಲು. ನಿನ್ನಂಥ ನೂರು ಜನ ಕೂಡಿ ಒಂದು ಸಂಘ ಮಾಡಿ, ಒಂದು ಪತ್ರ ಬರೆದು, ಒಂದು ಸಂಜೆ ಆಸನ ಖಾಲಿಬಿಟ್ಟು ನೋಡಿ. ಒಡೆಯರು ಕೇಳಿಯಾರೋ ಇಲ್ಲವೋ. ನಿಮ್ಮ ಮಾತಾದರೂ ಅವರ ಮನೆಬಾಗಿಲಿಗೆ ಹೋಗಿರುತ್ತದೆ.

ಇದನ್ನು ಹೇಳುವಾಗ ನಮಗೆ ನಮ್ಮದೇ ಸಂಘಗಳ ನೆನಪಾಗಿ ಸಂಕೋಚವಾಗುತ್ತದೆ. ಐ.ಪಿ.ಎಲ್. ಪ್ರೇಕ್ಷಕನಿಗೆ ಮತವಿಲ್ಲ, ನಮಗೆ ಇದೆ. ವಾರ್ಷಿಕ ಮಹಾಸಭೆಯ ನೋಟೀಸು ಪ್ರತಿಯೊಬ್ಬ ಸದಸ್ಯನ ಮನೆಗೂ ಬರುತ್ತದೆ. ಸಭೆಗೆ ಎಷ್ಟು ಮಂದಿ ಬರುತ್ತಾರೆ, ಊಟದ ಪಂಕ್ತಿಗೆ ಎಷ್ಟು ಮಂದಿ ಬರುತ್ತಾರೆ ಎಂಬುದನ್ನು ಬಡಿಸುವವರನ್ನು ಕೇಳಿದರೆ ತಿಳಿದೀತು. ಕಾರ್ಯಕಾರಿ ಸಮಿತಿಯ ಮೇಲಿನ ಅಸಮಾಧಾನವನ್ನು ನಾವು ತೀರಿಸಿಕೊಳ್ಳುವುದು ವೇದಿಕೆಯ ಮೇಲೆ ನಡುಗುತ್ತ ನಿಂತ ನಿರೂಪಕಿಯ ಮೇಲೆ, ಇಲ್ಲವೇ ಮೈಕಿನವನ ಮೇಲೆ. ಅವರೂ ಯಾರೋ ಕೊಟ್ಟ ಕೆಲಸ ಮಾಡುತ್ತಿರುವವರೇ.

ಮುಂದಿನ ಮಹಾಸಭೆಗೆ ಆ ಹುಡುಗನನ್ನು ಕರೆತರುವುದಾಗಿ ಅಜ್ಜನವರು ಒಪ್ಪಿದ್ದಾರೆ. ಅವನು ಪ್ರಶ್ನೆ ಕೇಳುವವನು, ಖಂಡಿತ ಕೇಳುತ್ತಾನೆ. ಆಗ ನಾವು ಯಾರೂ ಅವನಿಗೆ, ಸರಿಯಾಗಿ ನಡೆದುಕೋ ಮಗೂ, ಎಂದು ಹೇಳದಿದ್ದರೆ ಸಾಕು.