ಜೆ ಡಿಲ್ಲಾ ಅವರ ಲಯ: ಒಬ್ಬ ನಿವೃತ್ತ ವೈದ್ಯನ ಟಿಪ್ಪಣಿ

ನಮ್ಮ ರಾಜ್ಯೋತ್ಸವಕ್ಕೆ ಹುಡುಗರು ಹದಿನಾರು ರಬ್ಬರ್ ಗುಂಡಿಗಳ ಪೆಟ್ಟಿಗೆಯೊಂದನ್ನು ವೇದಿಕೆಗೆ ತಂದರೆ ಹಿರಿಯರು ಕೇಳುವುದು ಒಂದೇ ಪ್ರಶ್ನೆ: ಗುಂಡಿ ಒತ್ತುವುದೂ ಸಂಗೀತವೇ? ನನ್ನ ಉತ್ತರ ಡೆಟ್ರಾಯಿಟ್‌ನ ಜೇಮ್ಸ್ ಯಾನ್ಸಿ, ಅಂದರೆ ಜೆ ಡಿಲ್ಲಾ (1974–2006). ಅವರ ಅಕಾಯ್ ಎಂಪಿಸಿ 3000 ಯಂತ್ರ ಇಂದು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದ ಸೊತ್ತು.

ರೋಜರ್ ಲಿನ್ ರೂಪಿಸಿದ ಈ ಯಂತ್ರ ಒಂದು ಬೀಟನ್ನು 96 ಭಾಗ ಮಾಡುತ್ತದೆ. ನಿಮಿಷಕ್ಕೆ 90 ಬೀಟ್ ಓಡುವಾಗ ಒಂದು ಭಾಗವೆಂದರೆ ಸುಮಾರು 7 ಮಿಲಿಸೆಕೆಂಡ್. ಹಳೆಯ ರೆಕಾರ್ಡಿನಲ್ಲಿ ಡ್ರಮ್ ಒಂಟಿಯಾಗಿ ನುಡಿಯುವ ತುಣುಕಿಗೆ ಬ್ರೇಕ್ ಎನ್ನುತ್ತಾರೆ. ಅದನ್ನು ಕತ್ತರಿಸಿ ಕಿಕ್ ಒಂದು ಗುಂಡಿಗೆ, ಸ್ನೇರ್ ಇನ್ನೊಂದಕ್ಕೆ ಹಂಚಬಹುದು. ಬೆರಳು ತಪ್ಪಿದರೂ ಯಂತ್ರ ಪೆಟ್ಟನ್ನು ಹತ್ತಿರದ ಸರಿಯಾದ ಜಾಗಕ್ಕೆ ಎಳೆದು ಕೂರಿಸುತ್ತದೆ, ಇದೇ ಕ್ವಾಂಟೈಸ್. ಡಿಲ್ಲಾ ಇದನ್ನು ಬಂದ್ ಮಾಡಿಬಿಟ್ಟರು, ಗುಟ್ಟು ಅಷ್ಟೇ ಎಂದು ಹಲವರು ಹೇಳುತ್ತಾರೆ. ಡಾನ್ ಚಾರ್ನಾಸ್ 2022ರ ‘ಡಿಲ್ಲಾ ಟೈಮ್’ ಪುಸ್ತಕದಲ್ಲಿ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಎಷ್ಟೋ ಹಾಡುಗಳಲ್ಲಿ ಸ್ನೇರ್ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆ, ಕಿಕ್ ತುಸು ತಡವಾಗಿ. ಅಜಾಗರೂಕ ಕೈ ಎತ್ತೆತ್ತಲೋ ತಪ್ಪುತ್ತದೆ. ಇಲ್ಲಿ ಒಂದೊಂದು ವಾದ್ಯವೂ ತನ್ನದೇ ದಿಕ್ಕಿಗೆ ವಾಲುತ್ತದೆ. ಅದು ಲೆಕ್ಕ.

ನಮ್ಮವರು ಅತೀತ–ಅನಾಗತವನ್ನು ನೆನಪಿಸಿಕೊಳ್ಳಬಹುದು. ಹೋಲಿಕೆ ಅರ್ಧ ಮಾತ್ರ ಸರಿ. ಅಲ್ಲಿ ಸರಿದ ದೂರವನ್ನು ಕೈಯಲ್ಲಿ ಎಣಿಸಬಹುದು; ಇಲ್ಲಿ ಎಣಿಕೆಗೆ ಸಿಗದಷ್ಟು ಕಿರಿದು, ಆದರೂ ಮೈಗೆ ತಿಳಿಯುತ್ತದೆ.

‘ಡೋನಟ್ಸ್’ 2006ರ ಫೆಬ್ರವರಿ 7ರಂದು, ಅವರ ಹುಟ್ಟುಹಬ್ಬದ ದಿನವೇ ಹೊರಬಂತು. ಮೂರು ದಿನಕ್ಕೆ ಅವರು ತೀರಿಕೊಂಡರು. ಲೂಪಸ್ ಜೊತೆಗೆ ಟಿಟಿಪಿ, ಅಂದರೆ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ರೋಗ. ಹೀಗಾಗಿ ಆ ಮುಗ್ಗರಿಸುವ ಲಯದಲ್ಲಿ ಸಾಯುತ್ತಿರುವ ದೇಹವನ್ನು ಕೇಳುವವರಿದ್ದಾರೆ. ವೈದ್ಯನಾಗಿ ಇದು ನನಗೆ ಹಿಡಿಸದು. ದಿ ಫಾರ್ಸೈಡ್ ತಂಡಕ್ಕೆ 1995ರಲ್ಲಿ ಮಾಡಿಕೊಟ್ಟ ‘ರನ್ನಿನ್’ ಕೇಳಿ: ವಾಲುವಿಕೆ ಆಗಲೇ ಇದೆ, ಆರೋಗ್ಯವಂತ ಇಪ್ಪತ್ತೊಂದರ ಹುಡುಗನ ಕೈಯಲ್ಲಿ. ಅಲ್ಲದೆ ಏರುಪೇರೇ ರೋಗವಲ್ಲ. ಉಸಿರು ಎಳೆದುಕೊಂಡಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನಿಸುತ್ತದೆ. ನರಗಳು ಕಡಿದುಹೋದ ಕಸಿ ಹೃದಯವೇ ಗಡಿಯಾರದಂತೆ ಸಮನಾಗಿ ಬಡಿಯುವುದು.

‘ಡೋನಟ್ಸ್’ ಎಲ್ಲವೂ ನನಗೆ ಒಗ್ಗಿಲ್ಲ. 31 ತುಣುಕುಗಳು, ಬಹುಪಾಲು ಒಂದೆರಡು ನಿಮಿಷದವು. ಕೆಲವು ರುಚಿ ಹತ್ತುವಷ್ಟರಲ್ಲಿ ಮುಗಿದುಹೋಗುತ್ತವೆ. ಇನ್ನು ಇಂದಿನ ಅನುಕರಣೆಗಳಂತೂ ಬೇಸರ: ಎಲ್ಲ ಪೆಟ್ಟುಗಳನ್ನೂ ಕುಡಿದವರಂತೆ ತೂರಾಡಿಸಿ ಡಿಲ್ಲಾ ಎಂದುಬಿಡುತ್ತಾರೆ. ಅವರಲ್ಲಿ ಒಂದು ವಾದ್ಯವಾದರೂ ನೆಟ್ಟಗೆ ನಿಂತಿರುತ್ತದೆ. ಉಳಿದವು ವಾಲಿದ್ದು ಕಾಣುವುದೇ ಅದರಿಂದ.

ಹಿರಿಯ ಗೆಳೆಯರು ಡಿ'ಏಂಜೆಲೋ ಅವರ ‘ವೂಡೂ’ (2000) ಕೇಳಲಿ. ಅಲ್ಲಿ ಡ್ರಮ್ ಬಾರಿಸಿದ ಕ್ವೆಸ್ಟ್‌ಲವ್ ಕೈಯಲ್ಲಿ ಕೋಲು ಹಿಡಿದು, ಡಿಲ್ಲಾ ಗುಂಡಿ ಒತ್ತಿ ಮಾಡಿದ್ದನ್ನು ಹೊಸದಾಗಿ ಕಲಿಯಬೇಕಾಯಿತು.